ಹೊರಾಂಗಣದ ತೇಗದ ಬೆಂಚಿಗೆ ಪಾಲಿಶ್ ಮಾಡಿಸುವವರು ದಯವಿಟ್ಟು ಇದನ್ನು ಓದಿ

ಬಿಸಿಲು ಮಳೆಯಲ್ಲಿ ನಿಲ್ಲುವ ತೇಗದ ಬೆಂಚು, ಮೇಜುಗಳಿಗೆ ಸ್ಟೇನ್ (ಮರಕ್ಕೆ ಹಿಡಿಸುವ ಬಣ್ಣ) ಹಚ್ಚಿಸಿ ಪಾಲಿಶ್ ಮಾಡಿಸಬೇಕೆಂದು ಯೋಚಿಸುತ್ತಿರುವವರು ಯಾರ ಕೈಗೂ ಕೆಲಸ ಒಪ್ಪಿಸುವ ಮೊದಲು ನನಗಾದ ಮೋಸವನ್ನು ಓದಬೇಕು. ನಮ್ಮ ಬೆಂಚು ಬಣ್ಣ ಮಾಸಿ ಬೂದಿಯ ಬಣ್ಣಕ್ಕೆ ತಿರುಗಿತ್ತು, ಅಷ್ಟೇ. ನೋಡಲು ಬಂದ ಗುತ್ತಿಗೆದಾರರು, "ಒಳಗೆ ಕೊಳೆಯೋಕೆ ಶುರುವಾಗಿದೆ ಸಾರ್, ಈಗಲೇ ಮಾಡಿಸದಿದ್ದರೆ ಮರ ಹೋಗುತ್ತೆ" ಎಂದು ಹೆದರಿಸಿದರು. ಇದು ಶುದ್ಧ ಸುಳ್ಳು. ಬಿಸಿಲಿಗೆ ಮರದ ಮೇಲ್ಮೈಯಲ್ಲಿ ನಾರುಗಳನ್ನು ಹಿಡಿದಿಡುವ ಲಿಗ್ನಿನ್ ಎಂಬ ಅಂಟಿನಂಥ ವಸ್ತು ಒಡೆದು, ಮಳೆಗೆ ತೊಳೆದುಹೋದಾಗ ತೇಗ ಬೂದಾಗುತ್ತದೆ. ಆ ಪದರ ಬಹಳ ತೆಳುವಾದದ್ದು, ಅದರ ಕೆಳಗಿನ ಚೇಗು ಗಟ್ಟಿಯಾಗಿಯೇ ಇರುತ್ತದೆ.

"ಹೊರಗಿನ ಕೆಲಸಕ್ಕೆಂದೇ ಬರುವ ಪಾಲಿಶ್, ವರ್ಷಗಟ್ಟಲೆ ತಿರುಗಿ ನೋಡೋದೇ ಬೇಡ" ಎಂದು ಮಾತು ಕೊಟ್ಟು, ಗಾಢ ಕಂದು ಸ್ಟೇನ್ ಬಳಿದು, ಮೇಲೆ ಕನ್ನಡಿಯಂತೆ ಹೊಳೆಯುವ ಕೋಟ್ ಹೊಡೆದು, ಹಣ ತೆಗೆದುಕೊಂಡು ಹೋದರು. ಮಳೆಗಾಲ ಮುಗಿಯುವಷ್ಟರಲ್ಲಿ ಅಲ್ಲಲ್ಲಿ ಬಿಳಿಚಿಕೊಂಡು ಗುಳ್ಳೆ ಎದ್ದಿತು. ಆಸನದ ಅಂಚಿನಲ್ಲಿ ಎದ್ದಿದ್ದ ತುದಿಯನ್ನು ಉಗುರಿನಿಂದ ಮೀಟಿದರೆ ಅಂಗೈಯಗಲದ ಹಾಳೆಯೇ ಕಿತ್ತು ಕೈಗೆ ಬಂತು. ಅದರ ಹಿಂಬದಿಯನ್ನು ತಿರುಗಿಸಿ ನೋಡಿದಾಗ ಮೈ ಉರಿದುಹೋಯಿತು: ಹಳೆಯ ಬೂದು ನಾರು ಹಾಗೆಯೇ ಅಂಟಿಕೊಂಡಿತ್ತು! ಉಪ್ಪುಕಾಗದದಿಂದ ಉಜ್ಜಿಯೇ ಇರಲಿಲ್ಲ. ಗಾಢ ಬಣ್ಣವನ್ನು ಆರಿಸಿದ್ದು ಅಂದಕ್ಕಲ್ಲ, ಉಜ್ಜದ ಮರವನ್ನು ಮುಚ್ಚಿಡುವುದಕ್ಕೆ.

ಕೇಳಿದರೆ ಬಂದ ಉತ್ತರಗಳನ್ನೂ ಕೇಳಿ. "ತೇಗದಲ್ಲಿ ಎಣ್ಣೆ ಇರುತ್ತಲ್ಲ ಸಾರ್, ಅದೇ ಪಾಲಿಶ್ ಎತ್ತಿಬಿಡುತ್ತೆ." ಎಣ್ಣೆಯಿರುವುದು ಗೊತ್ತಿದ್ದ ಮೇಲೆ, ಕೋಟ್ ಕೊಡುವ ಮುನ್ನ ಅಸಿಟೋನ್‌ನಲ್ಲಿಯೋ ಥಿನ್ನರ್‌ನಲ್ಲಿಯೋ ಒರೆಸಬೇಕೆಂಬುದು ಗೊತ್ತಿರಲಿಲ್ಲವೇ? ಮರುದಿನ ಮಾತು ಬದಲಾಯಿತು: "ನೀವು ಬಿಸಿಲಿಗೆ ಇಟ್ಟಿದ್ದೀರಿ, ಅದಕ್ಕೇ ಹೀಗಾಗಿದೆ." ಹೊರಗಿಡುವ ಬೆಂಚನ್ನು ಬಿಸಿಲಿಗೆ ಇಡದೆ ಇನ್ನೆಲ್ಲಿ ಇಡಬೇಕಿತ್ತು? ಬಳಸಿದ ಡಬ್ಬ ತೋರಿಸಿ ಎಂದು ಪಟ್ಟು ಹಿಡಿದ ಮೇಲೆ ಒಂದು ಫೋಟೋ ಬಂತು. ಅದು ಮೆಲಮೈನ್ ಪಾಲಿಶ್; ಒಳಾಂಗಣ ಬಳಕೆಗೆ ಎಂದು ಡಬ್ಬದ ಮೇಲೆಯೇ ಅಚ್ಚಾಗಿತ್ತು. ಅದನ್ನು ತೋರಿಸಿದರೂ ನಾಚಿಕೆಯಿಲ್ಲದೆ, "ಇನ್ನೊಂದು ಕೋಟ್ ಹೊಡೆದುಕೊಡ್ತೀವಿ, ಸಾಮಾನಿನ ದುಡ್ಡು ಮಾತ್ರ ಕೊಡಿ" ಎಂದರು. ಸಿಪ್ಪೆ ಏಳುತ್ತಿರುವ ಪದರದ ಮೇಲೆ ಇನ್ನೊಂದು ಪದರ! ಈಗ ಫೋನ್ ಎತ್ತುವುದಿಲ್ಲ.

ಹೀಗಾಗಿ ಯಾವ ಪಾಲಿಶ್ ಎಂಬುದನ್ನು ಬರಹದಲ್ಲಿ ಪಡೆಯಿರಿ; ಡಬ್ಬವನ್ನು ನಿಮ್ಮೆದುರೇ ತೆರೆಸಿ, ಹೊರಾಂಗಣಕ್ಕೆ ಎಂದು ಬರೆದಿಲ್ಲದಿದ್ದರೆ ವಾಪಸ್ ಕಳಿಸಿ. ಮೊದಲು 80, ನಂತರ ಅದಕ್ಕಿಂತ ನುಣುಪಾದ 120 ನಂಬರಿನ ಉಪ್ಪುಕಾಗದದಲ್ಲಿ ಉಜ್ಜಿ, ತೇಗದ ನಿಜಬಣ್ಣ ಕಾಣುವವರೆಗೂ ಸ್ಟೇನ್ ಮುಟ್ಟಿಸಬೇಡಿ. "ಟೀಕ್ ಆಯಿಲ್" ಎಂಬ ಹೆಸರಿಗೆ ಮರುಳಾಗಬೇಡಿ, ಅದು ತೇಗದಿಂದ ತೆಗೆದ ಎಣ್ಣೆಯಲ್ಲ. ಸಾಮಾನ್ಯವಾಗಿ ಅಗಸೆ ಎಣ್ಣೆಯನ್ನೋ ಟಂಗ್ ಎಂಬ ಮರದ ಬೀಜದ ಎಣ್ಣೆಯನ್ನೋ ಥಿನ್ನರ್, ವಾರ್ನಿಷ್ ಜೊತೆ ಬೆರೆಸಿ ಮಾಡಿದ್ದು, ಮೇಲಿಂದ ಮೇಲೆ ಹಚ್ಚುತ್ತಿರಬೇಕಾಗುತ್ತದೆ. ನಿಮಗೆ ಬೂದು ಬಣ್ಣ ಒಪ್ಪಿಗೆಯಾದರೆ ಏನನ್ನೂ ಹಚ್ಚದೆ ಬಿಟ್ಟರೂ ಮರಕ್ಕೆ ತೊಂದರೆಯಿಲ್ಲ. ಇದನ್ನು ಯಾವ ಗುತ್ತಿಗೆದಾರರೂ ನಿಮಗೆ ಹೇಳುವುದಿಲ್ಲ. ನಮ್ಮ ಬೆಂಚಿನ ಕಾಲುಗಳ ತಳಕ್ಕೆ, ನೀರು ಮೊದಲು ಹೀರುವ ಆ ಜಾಗಕ್ಕೆ, ಒಂದು ಹನಿಯನ್ನೂ ಸೋಕಿಸಿರಲಿಲ್ಲ. ಬೆಂಚನ್ನು ಮಗುಚಿ ಹಾಕಿ ಅಲ್ಲಿ ನೋಡುವವರೆಗೂ ಕೊನೆಯ ಕಂತು ಕೊಡಬೇಡಿ.