14 ಜನಕ್ಕೆ ರಾತ್ರಿ ಊಟ, ದಾವಣಗೆರೆಯಲ್ಲಿ: ಎಸಿ ಹೋಟ್ಲು ಬಿಟ್ಟು ಖಾನಾವಳಿಗೆ ಹೋಗಿದ್ದು

ನಮ್ಮ ದೊಡ್ಡಪ್ಪ ಹೋದ ತಿಂಗಳು ರಿಟೈರ್ ಆದ್ರು. ಎಲ್ರೂ ಸೇರಿ ಒಂದ್ ಹೊತ್ತು ಊಟ ಮಾಡೋಣ ಅಂತ ಮಾತಾಯ್ತು, ಮನೇಲಿ ಇಟ್ಕೊಂಡ್ರೆ ದೊಡ್ಡಮ್ಮ ಅಡುಗೆಮನೆ ಬಿಟ್ಟು ಈಚೆಗೇ ಬರಲ್ಲ, ಅದಕ್ಕೆ ಹೋಟ್ಲಲ್ಲೇ ಆಗ್ಲಿ ಅಂದ್ರು, ಜಾಗ ಹುಡುಕೋ ಕೆಲ್ಸ ನನ್ ತಲೆಗೆ ಬಂತು. ಒಟ್ಟು 14 ಜನ. ಹಲ್ಲಿಲ್ಲದ ಅಜ್ಜಿ, ಶುಗರ್ ಇರೋ ದೊಡ್ಡಮ್ಮ, ಬೆಂಗಳೂರಿಂದ ಬಂದಿದ್ದ ಚಿಕ್ಕಪ್ಪನ ಮನೆಯವ್ರು, ಪನೀರ್ ಬಿಟ್ರೆ ಬೇರೆ ಏನನ್ನೂ ಮೂಸಿ ನೋಡದ ಎರಡು ಮಕ್ಳು. ಬಜೆಟ್ಟನ್ನ ದೊಡ್ಡಪ್ಪನೇ ಹೇಳ್ಬಿಟ್ರು, "ಐದು ಸಾವಿರ. ಮೇಲೆ ಹೋದ್ರೆ ನಿನ್ ಜೇಬು."

ಈಗ ತಮಾಷೆ ನೋಡ್ರಿ. ದಾವಣಗೆರೆ ಅಂದ್ರೆ ಯಾರ್ ಕೇಳಿದ್ರೂ ತಿನ್ನೋದೇ ಹೇಳ್ತಾರೆ, ಬೆಣ್ಣೆ ದೋಸೆ, ಮಂಡಕ್ಕಿ ಮಿರ್ಚಿ. ಎರಡೂ ಈ ಕೆಲ್ಸಕ್ಕೆ ಬರಲ್ಲ. ಬೆಣ್ಣೆ ದೋಸೆ ಅಂಗಡಿ ಒಳಗೆ ನಾಕೈದು ಟೇಬಲ್ ಇರುತ್ತೆ, ತಿಂತಿರೋರ ಬೆನ್ನ ಹಿಂದೆನೇ ಮುಂದಿನವ್ರು ನಿಂತಿರ್ತಾರೆ, ಆ ಬಿಳಿ ಆಲೂಗಡ್ಡೆ ಪಲ್ಯನ ಚಟ್ನಿ ಜೊತೆ ಬಾಯಿಗಿಟ್ಕೊಳ್ಳೋಷ್ಟ್ರಲ್ಲೇ ಎದ್ದೇಳೋ ಟೈಮು ಆಗಿರುತ್ತೆ, ಅಲ್ಲಿ 14 ಜನ ಕೂತು ಹಳೇ ಕಥೆ ಹೇಳ್ಕೊಳ್ಳೋದು ಹೆಂಗೆ? ಇನ್ನು ಮಂಡಕ್ಕಿ ಅಂದ್ರೆ ನಿಂತ್ಕೊಂಡು ತಿನ್ನೋದು, ಅಜ್ಜೀನ ಪೇಪರ್ ಪೊಟ್ಟಣ ಕೊಟ್ಟು ರೋಡ್ ಮೇಲೆ ನಿಲ್ಸಕ್ಕಾಗುತ್ತಾ.

ಉಳಿದಿದ್ದು ಎಸಿ ಫ್ಯಾಮಿಲಿ ರೆಸ್ಟೋರೆಂಟು. ಅದ್ರ ಅನುಭವ ನಂಗೆ ಮೊದ್ಲೇ ಆಗಿತ್ತು. ಹೋದ ವರ್ಷ ಭಾವನ ಮನೆ ಕಡೆ ಒಂದ್ ಪಾರ್ಟಿಗೆ 11 ಜನ ಅಂಥದೊಂದಕ್ಕೆ ಹೋಗಿದ್ವಿ, ಹೆಸರು ಬೇಡ ಬಿಡ್ರಿ. ಫೋನಲ್ಲಿ "ಟೇಬಲ್ ರೆಡಿ ಇರುತ್ತೆ ಸರ್" ಅಂದಿದ್ರು, ಹೋಗಿ ನೋಡಿದ್ರೆ ಆರು ಜನಕ್ಕೆ ಒಂದು, ಕಂಬದ ಆ ಕಡೆ ಐದು ಜನಕ್ಕೆ ಒಂದು. ಭಾವನ ಟೇಬಲ್ ಬೇರೆ ಊರಲ್ಲಿದ್ದಂಗಿತ್ತು, ವಾಟ್ಸಾಪಲ್ಲಿ ಮಾತಾಡಿದ್ವಿ ಅಂದ್ರೂ ತಪ್ಪಿಲ್ಲ. ರುಚಿ ಕೆಟ್ಟದಾಗೇನೂ ಇರ್ಲಿಲ್ಲ, ಸುಳ್ ಹೇಳ್ಬಾರ್ದು. ಆದ್ರೆ ಒಬ್ರಿಗೆ ಸೂಪ್ ಬಂದಾಗ ಇನ್ನೊಬ್ರಿಗೆ ರೈಸ್ ಬಂದಿತ್ತು, ನಾವು ಕಡೆಗೆ ಮೊಸರನ್ನ ತಿಂತಿರೋವಾಗ ಮೊದ್ಲು ಹೇಳಿದ್ದ ಗೋಬಿ ಮಂಚೂರಿ ಬಂತು.

ಆಮೇಲೆ ಬಿಲ್ಲು. ಊಟದ್ದು 4,200, ಅದಕ್ಕೆ ಸರ್ವಿಸ್ ಚಾರ್ಜ್ ಅಂತ 10 ಪರ್ಸೆಂಟ್ ಅಂದ್ರೆ 420, ಅದೆರಡೂ ಕೂಡ್ಸಿ ಅದ್ರ ಮೇಲೆ 5 ಪರ್ಸೆಂಟ್ ಜಿಎಸ್‌ಟಿ, ಒಟ್ಟು 4,851. ತೆಗೀರಿ ಅಂದೆ. "ಅದು ಸಿಸ್ಟಮಲ್ಲೇ ಬರುತ್ತೆ ಸರ್" ಅಂದ್ರು, ಸಿಸ್ಟಮ್ ಏನು ಆಕಾಶದಿಂದ ಇಳಿದು ಬಂದಿದ್ದಾ. ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳೈತೆ, ಸರ್ವಿಸ್ ಚಾರ್ಜನ್ನ ತಾನಾಗೇ ಬಿಲ್ಲಿಗೆ ಸೇರ್ಸೋ ಹಂಗಿಲ್ಲ, ಕೊಡೋದು ಬಿಡೋದು ಗಿರಾಕಿ ಇಷ್ಟ ಅಂತ, 2025ರ ಮಾರ್ಚಲ್ಲಿ ದೆಹಲಿ ಹೈಕೋರ್ಟೂ ಅದನ್ನ ಎತ್ತಿ ಹಿಡೀತು. ಅಷ್ಟೆಲ್ಲಾ ಭಾಷಣ ಮಾಡೋದೇನೂ ಬೇಕಾಗ್ಲಿಲ್ಲ, ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡ್ತೀನಿ ಅಂದ ತಕ್ಷಣ ಸಿಸ್ಟಮ್ ಸರಿಹೋಯ್ತು, ಬಿಲ್ಲು 4,410ಕ್ಕೆ ಇಳೀತು. ಜಿಎಸ್‌ಟಿ ಕೊಡ್ಲೇಬೇಕು, ಅದಕ್ಕೆ ಜಗಳ ಮಾಡ್ಬೇಡಿ. ನೀರಿನ ಬಾಟ್ಲಿಗೆ ಎಂಆರ್‌ಪಿಗಿಂತ ಜಾಸ್ತಿ ಹಾಕಿದ್ರೂ ಕೂಗಾಡಿ ಪ್ರಯೋಜನ ಇಲ್ಲ, ಹೋಟ್ಲಲ್ಲಿ ಕೂತು ಕುಡಿಯೋದಕ್ಕೆ ಹಂಗೆ ತಗೋಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟೇ ಹೇಳಿಬಿಟ್ಟೈತೆ. ಜಗ್ಗಿನ ನೀರು ಕೇಳಿ, ಅಷ್ಟೇ.

ಇಷ್ಟೆಲ್ಲಾ ಆಗಿತ್ತಲ್ಲ, ಅದಕ್ಕೆ ಈ ಸಲ ನಮ್ಮನೆ ಕಡೆಗೇ ಇರೋ ಒಂದು ರೊಟ್ಟಿ ಊಟದ ಖಾನಾವಳಿಗೆ ಹೋಗಿ ಕೇಳಿದೆ. ಬೋರ್ಡ್ ಕೂಡ ಸರಿಯಾಗಿ ಕಾಣಲ್ಲ, ಗೋಡೆಗೆ ಹಸಿರು ಪೇಂಟು, ಪ್ಲಾಸ್ಟಿಕ್ ಚೇರು. ನಡೆಸೋ ಅಕ್ಕ ನಾನು 14 ಜನ ಅಂದಿದ್ದಕ್ಕೆ "ಆಯ್ತು ಬರ್ರಿ" ಅಂತ ಎಲ್ರೂ ಹೇಳೋ ಹಂಗೆ ಹೇಳ್ಲಿಲ್ಲ. ಒಂದ್ ಗಳಿಗೆ ಯೋಚ್ನೆ ಮಾಡಿ, "ಅಷ್ಟೂ ಜನ ಒಟ್ಟಿಗೆ ಕುಂತ್ರೆ ಕೊನೇಲಿರೋರಿಗೆ ರೊಟ್ಟಿ ಬರೋಷ್ಟೊತ್ತಿಗೆ ಮೊದ್ಲಿನವ್ರು ಅನ್ನಕ್ಕೆ ಬಂದಿರ್ತಾರಣ್ಣ. ಬರೋ ದಿನ ನಾಕು ಗಂಟೆ ಒಳಗೆ ಫೋನ್ ಮಾಡು, ಇನ್ನೊಬ್ರನ್ನ ರೊಟ್ಟಿ ತಟ್ಟಕ್ಕೆ ಕರೆಸ್ತೀನಿ. ಏಳೂವರೆಗೆ ಬಂದ್ಬಿಡ್ರಿ, ಎಂಟೂವರೆ ಅಂದ್ರೆ ರಶ್ಶು" ಅಂದ್ಲು. ಆ ಮಾತಿಗೇ ನಾನು ಫಿಕ್ಸ್ ಆಗ್ಬಿಟ್ಟೆ. ಎಸಿ ಹೋಟ್ಲವ್ರಿಗೆ ಮಂಚೂರಿ ಬಗ್ಗೆ ಈ ಲೆಕ್ಕ ಇದ್ದಿದ್ರೆ ಸಾಕಿತ್ತು.

ನನ್ ಚೇರಿಗೆ ಅಡುಗೆಮನೆ ಬಾಗಿಲು ನೇರಕ್ಕೆ ಕಾಣ್ತಿತ್ತು, ಊಟಕ್ಕಿಂತ ಜಾಸ್ತಿ ನಾನು ಅದನ್ನೇ ನೋಡ್ದೆ. ಜೋಳದ ಹಿಟ್ಟಿಗೆ ಕುದಿಯೋ ನೀರು ಹಾಕಿ ನಾದ್ತಾರೆ, ಜೋಳಕ್ಕೆ ಗೋಧಿ ಥರ ಜಿಗಿ ಇಲ್ಲ, ಬಿಸಿನೀರು ಬೀಳದಿದ್ರೆ ತಟ್ಟೋವಾಗ್ಲೇ ಅಂಚು ಸೀಳುತ್ತೆ. ಒಬ್ರು ತಟ್ಟಿ ಹೆಂಚಿಗೆ ಹಾಕೋದು, ಒದ್ದೆ ಬಟ್ಟೇಲಿ ಮೇಲೆ ಒಂದ್ ಸಲ ಸವರೋದು, ತಿರುವೋದು, ಇನ್ನೊಬ್ರು ಅದನ್ನ ಬೆಂಕಿಗೆ ಹಿಡಿದು ಉಬ್ಬಿಸಿ ನೇರ ತಟ್ಟೆಗೆ. ಅಜ್ಜಿ ಬೆರಳಲ್ಲಿ ಒತ್ತಿ ನೋಡಿ ಏನೂ ಮಾತಾಡ್ಲಿಲ್ಲ, ಸುಮ್ನೆ ಹಾಲು ಕೇಳಿ ತರಿಸ್ಕೊಂಡು ಅದ್ರಲ್ಲಿ ಮುರಿದು ನೆನೆಸ್ಕೊಂಡ್ರು, ಆಮೇಲೆ "ಇನ್ನೊಂದ್ ಹಾಕ್ಸು" ಅಂದ್ರು. ನಮ್ಮಜ್ಜಿ ಹೊರಗಡೆ ಊಟಕ್ಕೆ ಎರಡನೇ ಸಲ ಕೇಳಿದ್ದು ನಾನಂತೂ ನೋಡಿರ್ಲಿಲ್ಲ.

ಬದನೆಕಾಯಿ ಎಣ್ಣೆಗಾಯಿ ಚೆನ್ನಾಗಿತ್ತು, ಶೇಂಗಾ ಗುರೆಳ್ಳು ಮಸಾಲೆ ಕಾಯಿ ಒಳಗೂ ಹೋಗಿತ್ತು, ಮೇಲೆ ಗ್ರೇವಿ ಸುರಿದು ಎಣ್ಣೆಗಾಯಿ ಅನ್ನೋ ಥರ ಅಲ್ಲ. ಹೆಸರುಕಾಳು ಪಲ್ಯ, ಝುಣಕ, ಮೆಂತ್ಯೆ ಸೊಪ್ಪು ಹಸೀದು, ಶೇಂಗಾ ಚಟ್ನಿಪುಡಿ, ಗಟ್ಟಿ ಮೊಸರು. ಸಾರು ಮಾತ್ರ ಸಪ್ಪೆ. ಹೋಳಿಗೆ ಬೆಳಿಗ್ಗೆದು ಅನ್ಸುತ್ತೆ, ತುಪ್ಪ ಹಾಕಿದ್ರೂ ಗಂಟ್ಲಲ್ಲಿ ಇಳೀಲಿಲ್ಲ, ದೊಡ್ಡಪ್ಪನಿಗೆ ಅದೊಂದೇ ಬೇಜಾರು. ಕೈ ತೊಳೆಯೋ ಜಾಗ ಒಬ್ರು ನಿಂತ್ರೆ ಇನ್ನೊಬ್ರು ದಾಟಕ್ಕಾಗಲ್ಲ ಅಷ್ಟ್ ಇಕ್ಕಟ್ಟು, ಕಾರು ನಿಲ್ಸಕ್ಕೆ ಜಾಗನೇ ಇಲ್ಲ, ಚಿಕ್ಕಪ್ಪ ಎರಡು ರೋಡ್ ಆಚೆ ಬಿಟ್ಟು ನಡ್ಕೊಂಡು ಬಂದು ಹತ್ತು ನಿಮಿಷ ಅದನ್ನೇ ಹೇಳಿದ್ರು. ಮಕ್ಳು ಪನೀರ್ ಇಲ್ಲ ಅಂತ ಮುಖ ಊದಿಸ್ಕೊಂಡು ಕೂತಿದ್ವು, ಆಮೇಲೆ ಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚಿ ಸುರುಳಿ ಸುತ್ತಿ ಕೊಟ್ಟಿದ್ದಕ್ಕೆ ತಲಾ ಎರಡು ತಿಂದ್ವು, ಆ ಐಡಿಯಾನೂ ಆ ಅಕ್ಕಂದೇ.

ಮುಖ್ಯ ಏನಪ್ಪಾ ಅಂದ್ರೆ ಮೂರು ಟೇಬಲ್ ಜೋಡ್ಸಿ ಉದ್ದಕ್ಕೆ ಹಾಕಿದ್ರು, ಹದಿನಾಲ್ಕು ಜನನೂ ಒಟ್ಟಿಗೆ ಶುರು ಮಾಡಿ ಹೆಚ್ಚುಕಮ್ಮಿ ಒಟ್ಟಿಗೇ ಎದ್ವಿ. ದೊಡ್ಡಪ್ಪ ಆಫೀಸಿನ ಹಳೇ ಕಥೆ ಹೇಳಿದ್ದು ಆ ತುದೀಲಿದ್ದ ಅತ್ತಿಗೆಗೂ ಕೇಳುಸ್ತು, ಮಧ್ಯೆ ಫ್ಯಾನ್ ಸದ್ದಿಗೆ ಎರಡು ಸಲ ಜೋರಾಗಿ ಹೇಳ್ಬೇಕಾಯ್ತು, ಬಿಡಿ.

ಲೆಕ್ಕ: ಊಟ 140ರಂತೆ 12, ಮಕ್ಳಿಗೆ ಸಣ್ಣ ಊಟ 80ರಂತೆ 2, ಹೋಳಿಗೆ 40ರಂತೆ 10, ಮಜ್ಜಿಗೆ 20ರಂತೆ 6. ಅಜ್ಜಿ ಹಾಲಿಗೆ ದುಡ್ಡು ತಗೊಳ್ಲಿಲ್ಲ. 2,360 ಆಯ್ತು, ಜಿಎಸ್‌ಟಿ ಸೇರಿ 2,478. ದೊಡ್ಡಪ್ಪ ಬಿಲ್ಲನ್ನ ಎರಡು ಸಲ ಓದಿ, ರೊಟ್ಟಿ ತಟ್ಟಿದ ಇಬ್ರಿಗೂ ಇನ್ನೂರಿನ್ನೂರು ಕೈಗೇ ಕೊಟ್ಟು ಬಂದ್ರು.

ನೀವು ಹೋಗೋದಾದ್ರೆ ಆರು ಜನದ ಮೇಲಿದ್ರೆ ಹೇಳಿ ಹೋಗಿ, ಹೋಳಿಗೆ ಅವತ್ತು ಸಂಜೆ ಮಾಡಿದ್ದಾ ಅಂತ ಕೇಳಿ ತಗೊಳ್ಳಿ, ಟೂ ವೀಲರಲ್ಲಿ ಹೋದ್ರೆ ಒಳ್ಳೇದು. ಭಾನುವಾರ ರಾತ್ರಿ ರಜಾ.