ಲೀನ್ ಬಿಟ್ಟರು, ಸಾಲ ಬಿಡಲಿಲ್ಲ: ಶಾರ್ಟ್ ಸೇಲ್‌ಗೆ ಸಹಿ ಹಾಕುವ ಮುಂಚೆ ಇದನ್ನು ಓದಿ

ಇತ್ತೀಚೆಗೆ ಮೂರು ಮನೆಯವರು ಫೋನ್ ಮಾಡಿ ಶಾರ್ಟ್ ಸೇಲ್ ಬಗ್ಗೆ ಕೇಳಿದರು. ಇಬ್ಬರಿಗೆ ಕೆಲಸ ಹೋಗಿದೆ, ಇನ್ನೊಬ್ಬರದು ಡಿವೋರ್ಸ್. ಬಹಳ ವರ್ಷ ನನ್ನ ಹತ್ತಿರ ಯಾರೂ ಈ ಮಾತು ಎತ್ತಿರಲಿಲ್ಲ. ಅವರಿಗೆ ಹೇಳಿದ್ದನ್ನೇ ಎಲ್ಲರಿಗೂ ಸಿಗಲಿ ಅಂತ ಬರೆಯುತ್ತಿದ್ದೇನೆ. ಇದರಲ್ಲಿ ನನ್ನ ತಪ್ಪೂ ಇದೆ. ಅದನ್ನು ಮುಚ್ಚಿಟ್ಟು ಬರೆದರೆ ಯಾರಿಗೂ ಉಪಯೋಗವಿಲ್ಲ.

ನಾನು ಕ್ಯಾಲಿಫೋರ್ನಿಯಾದ ಟ್ರೇಸಿ, ಮೌಂಟನ್ ಹೌಸ್, ಸ್ಟಾಕ್‌ಟನ್ ಕಡೆ ಮನೆ ಮಾರಿಸುವ ಏಜೆಂಟ್. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದಲ್ಲಿ ಮನೆ ಕೊಳ್ಳಲಾಗದ ನಮ್ಮವರು 2005, 2006ರಲ್ಲಿ ಆಲ್ಟಮಾಂಟ್ ಗುಡ್ಡ ದಾಟಿ ಇತ್ತ ಬಂದರು. ಬೆಳಿಗ್ಗೆ ಐದೂವರೆಗೇ ಕಾರು ತೆಗೆದು 580 ಹೈವೇ ಹಿಡಿಯುವುದಾದರೂ ಸೈ, ಮಕ್ಕಳಿಗೆ ಒಂದು ಹಿತ್ತಲು ಇರಲಿ ಅನ್ನುವ ಆಸೆ. ಎರಡೇ ವರ್ಷದಲ್ಲಿ ಬೆಲೆ ಕುಸಿಯಿತು. 2008ರ ಕೊನೆಗೆ ಮೌಂಟನ್ ಹೌಸ್ ಅಮೆರಿಕದಲ್ಲೇ ಅತಿ ಹೆಚ್ಚು ‘ಮುಳುಗಿದ’ ಊರು ಅಂತ ದೇಶದ ಪತ್ರಿಕೆಗಳಲ್ಲಿ ಬಂತು. ಮನೆಯ ಬೆಲೆಗಿಂತ ಮನೆ ಮೇಲಿನ ಸಾಲ ಹೆಚ್ಚಾದರೆ ಇಲ್ಲಿ ಹಾಗೆ ಅನ್ನುತ್ತಾರೆ. ಅಂಥ ಮನೆಯನ್ನು ಬಂದಷ್ಟಕ್ಕೆ ಮಾರಿ, ಅಷ್ಟನ್ನೇ ತೆಗೆದುಕೊಂಡು ಮನೆ ಮೇಲಿನ ಅಡಮಾನದ ಹಕ್ಕು, ಅಂದರೆ ಲೀನ್, ಬಿಟ್ಟುಕೊಡಿ ಎಂದು ಬ್ಯಾಂಕನ್ನು ಒಪ್ಪಿಸುವುದು ಶಾರ್ಟ್ ಸೇಲ್.

ನಾನು ತಪ್ಪು ಮಾಡಿದ್ದು ಒಬ್ಬ ದಂಪತಿಯ ವಿಷಯದಲ್ಲಿ. ಅವರು ಶಿವಮೊಗ್ಗ ಕಡೆಯವರು. 2006ರಲ್ಲಿ 6 ಲಕ್ಷ 20 ಸಾವಿರ ಡಾಲರಿಗೆ ಮನೆ ಕೊಂಡಿದ್ದರು. ಮರುವರ್ಷ ಅದೇ ಮನೆಯ ಮೇಲೆ ಬೇರೊಂದು ಬ್ಯಾಂಕಿನಿಂದ 70 ಸಾವಿರದ ಹೋಮ್ ಈಕ್ವಿಟಿ ಸಾಲ ಎತ್ತಿದರು. ಒಂದಷ್ಟು ಹಿತ್ತಲಿಗೆ, ಒಂದಷ್ಟು ಊರಿನಲ್ಲಿ ಅಪ್ಪ ಅಮ್ಮನ ಮನೆಗೆ ತಾರಸಿ ಹಾಕಿಸಲು. ಆಗ ಎಲ್ಲರೂ ಮಾಡುತ್ತಿದ್ದದ್ದೇ. 2009ರ ಆರಂಭದಲ್ಲಿ ಅವನ ಕೆಲಸ ಹೋಯಿತು. ಎಚ್-1ಬಿ ವೀಸಾ, ಕೆಲಸ ಇದ್ದರಷ್ಟೇ ಇಲ್ಲಿರಬಹುದು; ಬೇರೆ ಕೆಲಸ ಹುಡುಕಲು ಈಗಿರುವ 60 ದಿನಗಳ ರಿಯಾಯಿತಿಯೂ ಆಗ ಇರಲಿಲ್ಲ. ಸಿಕ್ಕಿದ ಕೆಲಸ ಹಿಡಿದು ಅವನು ಡಲ್ಲಾಸ್‌ಗೆ ಹೋದ. ಮಗುವಿನ ಸ್ಕೂಲು ಮುಗಿಯುವವರೆಗೆ ಅವಳು ಇಲ್ಲೇ ಉಳಿದಳು. ಕೀಲಿ ಅಡುಗೆಮನೆ ಕಟ್ಟೆಯ ಮೇಲಿಟ್ಟು ಬೆಂಗಳೂರಿನ ವಿಮಾನ ಹತ್ತಿದ ಮನೆಗಳೂ ಆ ಬೀದಿಯಲ್ಲಿದ್ದವು. ಇವರು ಹಾಗೆ ಮಾಡಲಿಲ್ಲ. “ಅಕ್ಕ, ಯಾರ ಋಣವನ್ನೂ ಉಳಿಸಿಕೊಂಡು ಹೋಗಬಾರದು, ಸರಿಯಾಗಿ ಮುಗಿಸಿಕೊಡಿ” ಅಂದಳು ಅವಳು.

ಕಷ್ಟ ವಿವರಿಸುವ ಪತ್ರ, ಎರಡು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟು, ಸಂಬಳದ ಚೀಟಿ, ಎರಡು ವರ್ಷದ ಟ್ಯಾಕ್ಸ್ ರಿಟರ್ನು, ಎಲ್ಲಾ ಸೇರಿಸಿ ಅರವತ್ತು ಚಿಲ್ಲರೆ ಹಾಳೆ ಬ್ಯಾಂಕಿಗೆ ಫ್ಯಾಕ್ಸ್ ಮಾಡಿದೆ. ಬಂದಿಲ್ಲ ಅಂದರು. ಮತ್ತೆ ಕಳಿಸಿದೆ. ಅಷ್ಟರಲ್ಲಿ ಸಂಬಳದ ಚೀಟಿ ಹಳೆಯದಾಯಿತು, ಹೊಸದು ಬೇಕು ಅಂದರು. ಫೈಲು ಮೂವರ ಕೈ ಬದಲಾಯಿತು. ಬೆಲೆ ಕಟ್ಟಲು ಬ್ಯಾಂಕು ಕಳಿಸಿದ ಬ್ರೋಕರ್ ಕಾರಿನಿಂದ ಇಳಿಯಲೂ ಇಲ್ಲ. ಹೊರಗಿನಿಂದ ಫೋಟೋ ಹೊಡೆದುಕೊಂಡು ಹೋಗಿ 3 ಲಕ್ಷ 35 ಸಾವಿರ ಅಂತ ಬರೆದ. ನಮಗೆ ಬಂದಿದ್ದ ಆಫರ್ 2 ಲಕ್ಷ 90 ಸಾವಿರ. ಆ ವ್ಯತ್ಯಾಸ ಸರಿಪಡಿಸುವುದರಲ್ಲೇ ಕೊಳ್ಳುವವರು ನಾಲ್ಕು ತಿಂಗಳು ಕಾದು ಬಿಟ್ಟುಹೋದರು. ಆಮೇಲಿಂದ ನಾನು ಬೆಲೆ ಕಟ್ಟುವವರು ಬರುವ ದಿನ, ಅಕ್ಕಪಕ್ಕದಲ್ಲಿ ಮಾರಾಟವಾದ ಮನೆಗಳ ಪಟ್ಟಿ ಹಿಡಿದು ಬಾಗಿಲಲ್ಲೇ ನಿಂತಿರುತ್ತೇನೆ. ನಿಮ್ಮ ಏಜೆಂಟೂ ನಿಲ್ಲಬೇಕು.

ಎರಡನೇ ಗಿರಾಕಿ ಸಿಕ್ಕಿದರು, ಮೊದಲ ಬ್ಯಾಂಕು ಒಪ್ಪಿತು. ಎರಡನೇ ಬ್ಯಾಂಕು ತಡೆಯಿತು. ಮನೆ ಹರಾಜಾದರೆ ಅವರಿಗೆ ಒಂದು ಡಾಲರೂ ದಕ್ಕುವುದಿಲ್ಲ, ಆದರೆ ಅವರು ಲೀನ್ ಬಿಡದೆ ಮಾರಾಟ ಆಗುವುದಿಲ್ಲ. ಅವರು 12 ಸಾವಿರ ಕೇಳಿದರು. ಮೊದಲ ಬ್ಯಾಂಕು, ಮಾರಿದ ದುಡ್ಡಿನಲ್ಲಿ ಅವರಿಗೆ 3 ಸಾವಿರಕ್ಕಿಂತ ಹೆಚ್ಚು ಕೊಡಲು ಬಿಡಲ್ಲ ಅಂದಿತು. ಉಳಿದದ್ದನ್ನು ಎಸ್ಕ್ರೋ (ಮಾರಾಟದ ದುಡ್ಡು, ಕಾಗದ ನೋಡಿಕೊಳ್ಳುವ ಮಧ್ಯಸ್ಥರು) ಲೆಕ್ಕದಲ್ಲಿ ತೋರಿಸದೆ ಬೇರೆಯಾಗಿ ಕಳಿಸಿಬಿಡಿ ಎಂದು ಎರಡನೇ ಬ್ಯಾಂಕಿನಿಂದ ಫೋನಿನಲ್ಲಿ ಸೂಚನೆ ಬಂತು. ಅದಕ್ಕೆ ನಾನು ಒಪ್ಪಲಿಲ್ಲ. ಮೊದಲ ಬ್ಯಾಂಕಿಗೆ ಗೊತ್ತಾಗದ ಹಾಗೆ ಎರಡನೆಯವರಿಗೆ ದುಡ್ಡು ಕೊಡುವುದು ವಂಚನೆ, ಸಿಕ್ಕಿಬೀಳುವುದು ಮನೆಯವರೇ. ನಿಮಗೆ ಯಾರಾದರೂ ಹೀಗೆ ಹೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ.

ಕೊನೆಗೆ ಡಿಸೆಂಬರಿನಲ್ಲಿ 3 ಸಾವಿರಕ್ಕೇ ಒಪ್ಪಿ ಪತ್ರ ಕಳಿಸಿದರು. ಎಸ್ಕ್ರೋ ಮುಗಿಯಲು ಎರಡು ದಿನವಿತ್ತು. ಒಂದು ಪುಟದ ಪತ್ರ. ಈ ಮೊತ್ತ ಕೈಸೇರಿದ ಮೇಲೆ ಆಸ್ತಿಯ ಮೇಲಿನ ಲೀನ್ ಬಿಡುಗಡೆ ಮಾಡುತ್ತೇವೆ ಎಂದು ಮೊದಲ ಸಾಲು. ಕೆಳಗೆ, ಸಣ್ಣ ಅಕ್ಷರದಲ್ಲಲ್ಲ, ಅದೇ ಅಕ್ಷರದಲ್ಲಿ ಇನ್ನೊಂದು ಸಾಲು: ಸಾಲಪತ್ರದ ಪ್ರಕಾರ ಬಾಕಿ ವಸೂಲಿ ಮಾಡುವ ಹಕ್ಕನ್ನು ಬ್ಯಾಂಕು ಉಳಿಸಿಕೊಂಡಿದೆ. ನಾನು ಆ ಸಾಲನ್ನು ಓದಿದೆ. ಹತ್ತು ತಿಂಗಳ ಅಲೆದಾಟದ ನಂತರ ‘ಬಿಡುಗಡೆ’ ಅನ್ನುವ ಮಾತು ಕಂಡದ್ದೇ ಸಾಕಾಗಿ, ಎರಡನೇ ಸಾಲು ಎಲ್ಲ ಪತ್ರದಲ್ಲೂ ಇರುವ ಮಾಮೂಲು ಮಾತು ಅಂದುಕೊಂಡೆ. “ಎಲ್ಲಾ ಮುಗೀತಮ್ಮ, ಸಹಿ ಹಾಕು” ಅಂದೆ.

ಮನೆ ಬಿಡುವ ದಿನ ಅವಳು ನೆಲ ಎರಡು ಸಲ ಒರೆಸಿದಳು. ಹೊಸಿಲಿಗೆ ಹಚ್ಚಿದ್ದ ಅರಿಶಿನದ ಕಲೆ ಹೋಗಲಿಲ್ಲ ಅಂತ ಹಳೆಯ ಟೂತ್‌ಬ್ರಷ್ ಹಿಡಿದು ಕೂತು ಉಜ್ಜಿದಳು. ತುಳಸಿ ಕುಂಡ ನನಗೆ ಕೊಟ್ಟಳು.

2012ರಲ್ಲಿ ಅವಳ ಫೋನು ಬಂತು, ಡಲ್ಲಾಸ್‌ನಿಂದ. ವಸೂಲಿ ಕಂಪನಿಯವರು ಗಂಡನ ಆಫೀಸಿಗೇ ಕರೆ ಮಾಡಿದ್ದರಂತೆ. ಎರಡನೇ ಬ್ಯಾಂಕು ಆ ಸಾಲವನ್ನು ಅವರಿಗೆ ಮಾರಿತ್ತು. ಕೇಳಿದ್ದು 64 ಸಾವಿರ ಡಾಲರ್. “ಅಕ್ಕ, ಮುಗೀತು ಅಂದಿದ್ರಲ್ಲ?” ಅಂದಳು. ಕೋಪ ಇರಲಿಲ್ಲ ಆ ದನಿಯಲ್ಲಿ, ನಿಜವಾಗಿಯೂ ತಿಳಿಯದೆ ಕೇಳಿದಳು.

ನಮ್ಮ ಕಡೆಯ ರೈತರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ಪಹಣಿಯಲ್ಲಿ ಬ್ಯಾಂಕಿನ ಹೆಸರು ತೆಗೆಯುವುದೇ ಬೇರೆ, ಸಾಲ ಮನ್ನಾ ಆಗುವುದೇ ಬೇರೆ. ಲೀನ್ ಹೋದರೆ ಮನೆ ಬಿಡುಗಡೆ ಆಯಿತು ಅಂತ ಅರ್ಥ. ಸಾಲ ಮಾಡಿದವರು ಬಿಡುಗಡೆ ಆಗಲು ಪತ್ರದಲ್ಲಿ ಬೇರೆಯೇ ಮಾತು ಬೇಕು: ಸಾಲ ಪೂರ್ತಿ ತೀರಿದೆ ಎಂದು ಪರಿಗಣಿಸುತ್ತೇವೆ, ಬಾಕಿಯನ್ನು ಮುಂದೆಂದೂ ಕೇಳುವುದಿಲ್ಲ ಎಂದು ಸ್ಪಷ್ಟವಾಗಿ ಇರಬೇಕು. ಎರಡೂ ಬ್ಯಾಂಕಿನಿಂದ, ಬರವಣಿಗೆಯಲ್ಲಿ.

ಕ್ಯಾಲಿಫೋರ್ನಿಯಾದಲ್ಲಿ ಈಗ ಕಾನೂನು ಬದಲಾಗಿದೆ. ಶಾರ್ಟ್ ಸೇಲ್‌ಗೆ ಒಪ್ಪಿದ ಮೊದಲ ಬ್ಯಾಂಕು ಬಾಕಿ ಕೇಳುವಂತಿಲ್ಲ ಅಂತ 2011ರ ಜನವರಿಯಿಂದ ಬಂತು. ಎರಡನೇ ಸಾಲಕ್ಕೂ ಅದೇ ವರ್ಷ ಜುಲೈಯಲ್ಲಿ ವಿಸ್ತರಿಸಿದರು, ಒಪ್ಪಿಗೆ ಕೊಡಲು ಮಾರಾಟದ ದುಡ್ಡಿನ ಆಚೆಗೆ ಮನೆಯವರಿಂದ ಹೆಚ್ಚುವರಿ ಕೇಳುವುದನ್ನೂ ನಿಲ್ಲಿಸಿದರು. ನಮ್ಮ ಪತ್ರ 2009ರದು, ಅದಕ್ಕೆ ಇದು ಅನ್ವಯಿಸಲಿಲ್ಲ. ಮೋಸ ಮಾಡಿದವರಿಗೆ, ಮನೆಗೆ ಬೇಕಂತಲೇ ಹಾನಿ ಮಾಡಿದವರಿಗೆ ಈ ರಕ್ಷಣೆ ಇಲ್ಲ. ಟೆಕ್ಸಾಸ್, ಫ್ಲಾರಿಡಾದಂಥ ಕಡೆ ಬಾಕಿಗೆ ದಾವೆ ಹೂಡುವ ದಾರಿ ಬ್ಯಾಂಕಿಗೆ ಉಂಟು. ಕ್ಯಾಲಿಫೋರ್ನಿಯಾದ ಸ್ನೇಹಿತರು ಹೇಳಿದ್ದನ್ನು ನಂಬಿಕೊಂಡು ಅಲ್ಲಿ ಸಹಿ ಹಾಕಬೇಡಿ.

ಮನ್ನಾ ಆದ ಸಾಲಕ್ಕೂ 1099-ಸಿ ಅನ್ನುವ ಫಾರಂ ಬರುತ್ತದೆ, ಅದು ನಿಮ್ಮ ಆದಾಯ ಎಂದು ಟ್ಯಾಕ್ಸ್ ಬೀಳಬಹುದು. 2007ರ ಕಾಯಿದೆಯಿಂದ ಸ್ವಂತ ವಾಸದ ಮನೆಗೆ ವಿನಾಯಿತಿ ಸಿಕ್ಕಿತ್ತು, ಅದನ್ನು ಆಗಾಗ ಮುಂದುವರಿಸುತ್ತಾ ಬಂದರು. ನೀವು ಮಾರುವ ವರ್ಷದ ನಿಯಮ ಏನು ಅಂತ ಸಹಿಗೆ ಮೊದಲೇ ಸಿಪಿಎ (ಟ್ಯಾಕ್ಸ್ ಲೆಕ್ಕ ನೋಡುವವರು) ಹತ್ತಿರ ಕೇಳಿ.

ಇನ್ನೊಂದು ಮನೆಯ ಕಥೆ ಬೇಗ ಹೇಳುತ್ತೇನೆ. 2010, ಸ್ಟಾಕ್‌ಟನ್, ಟ್ರಕ್ ಓಡಿಸುವ ಪಂಜಾಬಿ ಹಿರಿಯರು. ಬ್ಯಾಂಕಿನ ಶಾರ್ಟ್ ಸೇಲ್ ವಿಭಾಗದವರು “ಹರಾಜು ಮುಂದಕ್ಕೆ ಹಾಕಿದ್ದೇವೆ” ಅಂತ ಶುಕ್ರವಾರ ಫೋನಿನಲ್ಲಿ ಹೇಳಿದರು. ಹರಾಜು ವಿಭಾಗಕ್ಕೆ ಆ ಮಾತು ಮುಟ್ಟಿರಲಿಲ್ಲ. ಸೋಮವಾರ ಕೋರ್ಟಿನ ಮುಂದೆ ಮನೆ ಹರಾಜಾಯಿತು. ಒಪ್ಪಿಗೆ ಪತ್ರ ನಾಲ್ಕು ದಿನ ಬಿಟ್ಟು ಬಂತು. 2013ರಿಂದ ಇದನ್ನು ತಡೆಯುವ ಕಾನೂನು ಇಲ್ಲಿದೆ. ಆದರೂ ಹರಾಜು ಮುಂದೂಡಿದ್ದು ಬರವಣಿಗೆಯಲ್ಲಿ ಕೈಗೆ ಬರುವವರೆಗೆ ನಾನು ನಂಬುವುದಿಲ್ಲ, ಹರಾಜಿನ ಹಿಂದಿನ ದಿನ ಅದನ್ನು ನಡೆಸುವ ಟ್ರಸ್ಟಿ ಕಚೇರಿಗೆ ನಾನೇ ಫೋನ್ ಮಾಡುತ್ತೇನೆ.

ಮುಂಗಡ 3 ಸಾವಿರ ಕೊಡಿ, ಬ್ಯಾಂಕಿನ ಜೊತೆ ನಾನು ಮಾತಾಡ್ತೀನಿ ಅನ್ನುವವರು ದೇವಸ್ಥಾನದಲ್ಲೂ ಸಿಗುತ್ತಾರೆ, ನಮ್ಮ ಭಾಷೆಯಲ್ಲೇ ಮಾತಾಡುತ್ತಾರೆ. ಸಾಲದ ಕಂತು ಇಳಿಸಿಕೊಡುತ್ತೇವೆ ಎಂದು ಮುಂಗಡ ತೆಗೆದುಕೊಳ್ಳುವುದನ್ನು ಕ್ಯಾಲಿಫೋರ್ನಿಯಾ 2009ರ ಅಕ್ಟೋಬರಿನಲ್ಲೇ ನಿಷೇಧಿಸಿದೆ. ಏಜೆಂಟ್ ಕಮಿಷನ್ ಮಾರಾಟದ ದುಡ್ಡಿನಿಂದ ಬರುತ್ತದೆ, ನಿಮ್ಮ ಜೇಬಿನಿಂದಲ್ಲ.

ಶಿವಮೊಗ್ಗದ ದಂಪತಿಗೆ ವಕೀಲರೊಬ್ಬರನ್ನು ನಾನೇ ಹುಡುಕಿಕೊಟ್ಟೆ, ಅವರ ಫೀಸು ನಾನೇ ಕಟ್ಟಿದೆ. ಕೊನೆಗೆ 9 ಸಾವಿರಕ್ಕೆ ಇತ್ಯರ್ಥವಾಯಿತು, ಹದಿನೆಂಟು ಕಂತು. 2009ರಲ್ಲೇ ಪತ್ರ ಹಿಡಿದು ಒಂದು ದಿನ ಪಟ್ಟು ಹಿಡಿದಿದ್ದರೆ, ಎಸ್ಕ್ರೋ ಒಂದು ವಾರ ಮುಂದೆ ಹೋಗುತ್ತಿತ್ತು, ಅಷ್ಟೇ.

ಈಗ ಒಪ್ಪಿಗೆ ಪತ್ರ ಬಂದ ದಿನ ನಾನು ಮನೆಯವರ ಊಟದ ಮೇಜಿನ ಮುಂದೆ ಕೂತು, ಒಂದೊಂದು ಸಾಲನ್ನೂ ಅವರ ಮಾತಿನಲ್ಲಿ ಗಟ್ಟಿಯಾಗಿ ಹೇಳುತ್ತೇನೆ. ‘ಬಾಕಿ’, ‘ಹಕ್ಕು’ ಎಂಬ ಮಾತು ಎಲ್ಲಿ ಬಂದರೂ ಪೆನ್ನು ಕೆಳಗಿಡಿಸಿ, ಪತ್ರವನ್ನು ವಕೀಲರಿಗೆ ಕಳಿಸಿ, ಬ್ಯಾಂಕಿಗೆ ವಾಪಸ್ ಬರೆಯುತ್ತೇನೆ. ನಿಮ್ಮ ಏಜೆಂಟ್ “ಇದು ಮಾಮೂಲು, ಸಹಿ ಹಾಕಿ” ಅಂದರೆ, ಆ ಸಾಲಿನ ಅರ್ಥ ಏನು ಎಂದು ಇಮೇಲಿನಲ್ಲಿ ಬರೆದುಕೊಡಲು ಕೇಳಿ.