ನಾಲ್ಕು ಜನ ಸೇರಿ ಸ್ಕರ್ಮಿಶ್ ಗೇಮ್ 'ಫುಲ್ ಸೆಟ್' ತರಿಸೋಕೆ ಹೊರಟಿದ್ರೆ ಸ್ವಲ್ಪ ತಡೀರಿ

"ನಾಲ್ಕು ಜನ ಒಟ್ಟಿಗೆ ತಗೊಂಡ್ರೆ ರೇಟ್ ಇನ್ನೂ ಕಮ್ಮಿ ಮಾಡ್ಕೊಡ್ತೀನಿ ಬ್ರೋ, ಸ್ಟಾಕ್ ಇಂಡಿಯಾದಲ್ಲೇ ಇದೆ, ರೂಲ್‌ಬುಕ್ಕು ದಾಳ ಟೋಕನ್ ಎಲ್ಲಾ ಒಳಗೇ ಬರತ್ತೆ" ಅಂತ ಸ್ಕರ್ಮಿಶ್ ಗೇಮ್ (ಟೇಬಲ್ ಮೇಲೆ ಸಣ್ಣ ಗೊಂಬೆ ಇಟ್ಟು ಆಡೋ ಕಾಳಗದಾಟ) ಬಗ್ಗೆ ಯಾರಾದ್ರೂ ಮೆಸೇಜ್ ಹಾಕಿದ್ರೆ ಯುಪಿಐ ಪಿನ್ ಒತ್ತೋ ಮುಂಚೆ ಇದನ್ನ ಓದಿ ಮಾರಾಯ್ರೆ. ನಾವು ಶಿರಸಿಯ ನಾಲ್ಕು ಜನ ತಲಾ ಸಾವಿರದ ಇನ್ನೂರು ಹಾಕಿ ತರಿಸ್ಕೊಂಡಿದ್ದು ಎಂತ ಅಂತ ಹೇಳ್ತೀನಿ. ಅಂಗಡಿ ಹೆಸರು ಹಾಕಲ್ಲ, ಕಂಪ್ಲೇಂಟ್ ಇನ್ನೂ ನಡೀತಿದೆ. ಆದ್ರೆ ಆ ಆಸಾಮಿ ಮಾತಾಡೋ ಧಾಟಿ ಕೇಳಿದ್ರೆ ಎದುರಿಗೆ ಬಂದಾಗ ಗುರುತು ಸಿಗತ್ತೆ.

ಈ ಆಟ ಗೊತ್ತಿಲ್ದೋರಿಗೆ ಎರಡು ಮಾತು. ಚೆಸ್ ಬೋರ್ಡಿನ ತರ ಚೌಕಗಳು ಇರಲ್ಲ. ಮೂರಡಿ ಚೌಕದ ಟೇಬಲ್ ಮೇಲೆ ಗೋಡೆ, ಗುಡ್ಡ, ಮುರಿದ ಮನೆ ಎಲ್ಲಾ ಇಟ್ಟು, ಒಬ್ಬೊಬ್ರ ಕಡೆ ಐದಾರರಿಂದ ಹತ್ತು ಗೊಂಬೆ ನಿಲ್ಲಿಸಿ, ಇಂಚ್ ಟೇಪಲ್ಲಿ ಅಳೆದು ನಡೆಸೋದು, ದಾಳ ಹಾಕಿ ಹೊಡೆಯೋದು. ನೂರಾರು ಗೊಂಬೆ ಬೇಡೋ ದೊಡ್ಡ ವಾರ್‌ಗೇಮ್ ಮುಂದೆ ಖರ್ಚು ಏನೇನೂ ಅಲ್ಲ, ಒಂದೆರಡು ತಾಸಲ್ಲಿ ಮುಗಿಯತ್ತೆ, ನಮ್ಮ ಮಳೆಗಾಲಕ್ಕಂತೂ ಹೇಳಿ ಮಾಡಿಸಿದ್ದು. ನಮ್ಮ ಗ್ಯಾಂಗಲ್ಲಿ ನನ್ನ ಬಿಟ್ರೆ ಉಳಿದವರು ಕೇರಂ ಇಸ್ಪೀಟು ದಾಟಿದವರಲ್ಲ. ಒಬ್ಬ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೀತಾನೆ, ಒಬ್ಬ ಹವ್ಯಾಸಿ ಮೇಳದಲ್ಲಿ ಚೆಂಡೆ ಬಾರಿಸ್ತಾನೆ, ಇನ್ನೊಬ್ಬ ಕೈಗಾದಲ್ಲಿ ಕಾಂಟ್ರಾಕ್ಟ್ ಕೆಲಸ, ರಜೆ ಸಿಕ್ಕಾಗ ಊರಿಗೆ ಬರ್ತಾನೆ. "ನೀ ಹೇಳ್ತೆ ಅಂದ್ರೆ ನೋಡೇ ಬಿಡೋಣ ಮಾರಾಯಾ" ಅಂತ ಮೂವರೂ ದುಡ್ಡು ಹಾಕಿದ್ರು.

ಮೊದಲ ಹೊಡೆತ ಕಸ್ಟಮ್ಸ್. ಸ್ಟಾಕ್ ಇಂಡಿಯಾದ್ದು ಅಂದವನು ಕೊಟ್ಟ ಟ್ರ್ಯಾಕಿಂಗ್ ನಂಬರ್ ತೆಗೆದು ನೋಡಿದ್ರೆ ಪಾರ್ಸೆಲ್ ಹೊರಟಿದ್ದೇ ಹೊರದೇಶದಿಂದ. ಕೇಳಿದ್ರೆ "ಟೆನ್ಷನ್ ಬೇಡ ಬ್ರೋ, ಗಿಫ್ಟ್ ಅಂತ ಬರೆಸಿದೀನಿ, ಡ್ಯೂಟಿ ಬರಲ್ಲ". ಇದು ಶುದ್ಧ ಸುಳ್ಳು, ಹೊರದೇಶದಿಂದ ಗಿಫ್ಟ್ ಹೆಸರಲ್ಲಿ ಡ್ಯೂಟಿ ಇಲ್ದೆ ತರಿಸ್ಕೊಳ್ಳೋ ದಾರಿ 2019ರ ಡಿಸೆಂಬರಲ್ಲೇ ಮುಚ್ಚಿದ್ರು, ರಾಖಿ ಮತ್ತೆ ಜೀವ ಉಳಿಸೋ ಔಷಧಿಗೆ ಮಾತ್ರ ವಿನಾಯಿತಿ ಇಟ್ಟು. ಆಟಿಕೆ ಮೇಲಿನ ಸುಂಕವೂ ಸಣ್ಣದಲ್ಲ, 2020ರ ಬಜೆಟಲ್ಲಿ 20 ಪರ್ಸೆಂಟ್ ಇದ್ದಿದ್ದು 60 ಆಯ್ತು, 2023ರಲ್ಲಿ 70. ಅದರ ಮೇಲೆ ಜಿಎಸ್‌ಟಿ, ಕೊರಿಯರ್‌ನವರ ಹ್ಯಾಂಡ್ಲಿಂಗ್ ಚಾರ್ಜು. ಕೊರಿಯರ್ ಹುಡುಗ ಫೋನ್ ಮಾಡಿ ಅಮೌಂಟ್ ಹೇಳ್ದಾಗ ಮಂಡಿಯವನು "ಇದಕ್ಕಿಂತ ಚಾಲಿ ಅಡಿಕೆ ತಗೊಂಡಿಟ್ಟಿದ್ರೆ ಆಗ್ತಿತ್ತು" ಅಂದ. ದುಡ್ಡು ಕಟ್ಟದೇ ವಾಪಸ್ ಕಳಿಸಿದ್ರೆ ಕೊಟ್ಟಿದ್ದೂ ಹೋಗತ್ತೆ, ಹಾಗಾಗಿ ಕಟ್ಟಿ ಬಿಡಿಸ್ಕೊಂಡ್ವಿ.

ಬಾಕ್ಸ್ ಅಂತ ಏನೂ ಇರ್ಲಿಲ್ಲ. ಫೋಟೋದಲ್ಲಿ ತೋರ್ಸಿದ್ದು ಬಣ್ಣ ಹಚ್ಚಿದ ಪ್ಲಾಸ್ಟಿಕ್ ಗೊಂಬೆ, ಚೆಂದದ ಡಬ್ಬಿ. ಬಂದಿದ್ದು ಬಬಲ್ ರ‍್ಯಾಪಲ್ಲಿ ಸುತ್ತಿದ ಬೂದು ಬಣ್ಣದ ರೆಸಿನ್ (ಬೆಳಕು ತಾಗಿದ್ರೆ ಗಟ್ಟಿಯಾಗೋ ದ್ರವ ಪ್ಲಾಸ್ಟಿಕ್) ಪ್ರಿಂಟು, ಯಾರದೋ ಡಿಸೈನ್ ಕದ್ದು ತ್ರೀಡಿ ಪ್ರಿಂಟರಲ್ಲಿ ಹೊಡೆದಿದ್ದು. ಬಿಚ್ಚಿದ ಕೂಡ್ಲೇ ಮೂಗಿಗೆ ಹೊಡೆಯೋ ವಾಸನೆ. ಕೈಗೆ ಅಂಟಂಟು. ಕೆಳಗೆ ನ್ಯೂಸ್‌ಪೇಪರ್ ಹಾಸಿ ಸಾಲಾಗಿ ಮಲಗಿಸಿಟ್ವಿ, ಚಾ ಕುಡಿದು ಬಂದು ಎತ್ತಿದ್ರೆ ಪೇಪರ್ ಚೂರು ಗೊಂಬೆ ಬೆನ್ನಿಗೇ ಬಂತು, ಒಂದು ಬಿಲ್ಲುಗಾರನ ಬೆನ್ನ ಮೇಲೆ ಅಡಿಕೆ ಧಾರಣೆಯ ಅಂಕಿ ಉಲ್ಟಾ ಅಚ್ಚಾಗಿತ್ತು, ನಕ್ಕೂ ನಕ್ಕೂ ಸಾಕಾಯ್ತು. ಆದ್ರೆ ನಗೋ ವಿಷಯ ಅಲ್ಲ ಅದು. ರೆಸಿನ್ ಪ್ರಿಂಟ್ ತೆಗೆದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ತೊಳೆದು, ಒಣಗಿಸಿ, ಯುವಿ ಲೈಟಲ್ಲಿ ಕ್ಯೂರ್ ಮಾಡ್ಬೇಕು, ಅಂದ್ರೆ ಪೂರ್ತಿ ಗಟ್ಟಿ ಮಾಡ್ಬೇಕು. ಅದು ಮಾಡ್ದೇ ಕಳಿಸಿದ್ರೆ ಹಸಿ ರೆಸಿನ್ ಚರ್ಮಕ್ಕೆ ತಾಗಿ ತುರಿಕೆ, ಗುಳ್ಳೆ ಏಳತ್ತೆ, ಕೆಲವರಿಗೆ ಒಂದ್ಸಲ ಅಲರ್ಜಿ ಹಿಡಿದ್ರೆ ಆಮೇಲೆ ಸ್ವಲ್ಪ ತಾಗಿದ್ರೂ ಸಾಕು. ಚೆಂಡೆಯವನ ಬೆರಳ ಸಂದಿಯಲ್ಲಿ ಕೆಂಪಗೆ ಎದ್ದಿತ್ತು, ಪಾಪ ಅವನಿಗೆ ಕೈಯೇ ಬಂಡವಾಳ. ಆ ತರದ್ದು ಬಂದ್ರೆ ನೈಟ್ರೈಲ್ ಗ್ಲೌಸ್ ಹಾಕ್ದೆ ಮುಟ್ಟಬೇಡಿ, ಮಕ್ಕಳಿರೋ ಮನೇಲಿ ಹೊರಗೇ ಇಡಿ. ಬಿಸಿಲಿಗಿಟ್ರೂ ಕ್ಯೂರ್ ಆಗತ್ತೆ ಅಂತಾರೆ, ಸರಿ, ಆದ್ರೆ ಆಷಾಢದಲ್ಲಿ ಶಿರಸಿಲಿ ಬಿಸಿಲು ಎಲ್ಲಿಂದ ತರೋದು? ಇನ್ನು ಒಳಗೆ ಟೊಳ್ಳು ಬಿಟ್ಟು ತೂತು ಇಡದೇ ಪ್ರಿಂಟ್ ಮಾಡಿದ್ದು ಇದ್ರೆ ಒಳಗಿನ ಹಸಿ ರೆಸಿನ್ ತಿಂಗಳಾದ ಮೇಲೂ ಬಿರುಕು ಬಿಟ್ಟು ಸೋರತ್ತೆ. ನಮ್ಮ ದೊಡ್ಡ ರಾಕ್ಷಸ ಈಗ ಪಾದದಿಂದ ಸೋರ್ತಿದಾನೆ.

ಭರ್ಚಿಗಳು ಅರ್ಧ ಮುರಿದಿದ್ವು, ಉಳಿದರ್ಧ ಕೊಕ್ಕೆ ತರ ಬಾಗಿದ್ವು. ಒಂದು ಪಕ್ಷದ ಗೊಂಬೆ ಇನ್ನೊಂದು ಪಕ್ಷದ ಸೊಂಟಕ್ಕೆ ಬರೋ ಅಷ್ಟೇ ಎತ್ತರ, ಬೇರೆ ಬೇರೆ ಸ್ಕೇಲಿನ ಫೈಲ್ ಸೇರಿಸಿ ಹೊಡೆದಿದಾನೆ. ಗೊಂಬೆ ಕಾಲ ಕೆಳಗಿನ ಬೇಸ್ ಸೈಜೂ ಒಂದೊಂದು ಒಂದೊಂದು.

ಜಾಸ್ತಿ ಸಿಟ್ಟು ಬಂದಿದ್ದು ರೂಲ್‌ಬುಕ್ ನೋಡಿ. ರೂಲ್‌ಬುಕ್ ಅಂತ ಜೆರಾಕ್ಸ್ ಮಾಡಿ ಪಿನ್ ಹೊಡೆದ ಹಾಳೆ, ಅದೂ ಹಳೇ ಎಡಿಷನ್ನಿಂದು, ಟೋಕನ್ ಮಾತ್ರ ಹೊಸ ಎಡಿಷನ್ನಿಂದು. ಈ ಆಟಗಳಲ್ಲಿ ಎಡಿಷನ್ ಬದಲಾದ್ರೆ ಅಳತೆ, ಕಾರ್ಡು ಎಲ್ಲಾ ಬದಲು. ಹೆಸರಿರೋ ಕಿಲ್ ಟೀಮ್ ಆಟವೇ ತಗೊಳ್ಳಿ, 2018ರಲ್ಲಿ ಬಂದಿದ್ದು ಒಂದು, 2021ರಲ್ಲಿ ಇನ್ನೊಂದು, 2024ರಲ್ಲಿ ಮತ್ತೊಂದು. ಹೆಸರು ಒಂದೇ, ಹಳೇದರ ರೂಲ್ಸ್ ಇಟ್ಕೊಂಡು ಹೊಸದರ ಕಾರ್ಡ್ ಹಿಡಿದ್ರೆ ತಲೆಬುಡ ಅರ್ಥ ಆಗಲ್ಲ. ಗೊತ್ತಿದ್ದವನು ಹೇಗೋ ಸಂಭಾಳಿಸ್ತಾನೆ, ಮೊದಲ ಸಲ ಆಡೋನು ಟೇಬಲ್ ಎದುರು ಕೂತು "ಇದು ಅದರಲ್ಲಿ ಇಲ್ವಲ್ಲೋ" ಅಂತ ಹುಡುಕ್ತಾ ಕೂರ್ತಾನೆ. ಕೈಗಾದವನು ಅರ್ಧಕ್ಕೇ ಎದ್ದು "ನಂಗೆ ಕೇರಂ ಸಾಕು" ಅಂತ ಹೋದ. ದುಡ್ಡಿಗಿಂತ ಇದು ಉರಿಯತ್ತೆ. ಡಿಸ್ಕೌಂಟ್ ಆಸೆ ತೋರ್ಸಿ, ಇನ್ನೂ ಒಂದಾಟನೂ ಆಡದವರ ಜೇಬಿಗೆ ಕೈ ಹಾಕ್ಸೋದೇ ಈ ಮಾರಾಟಗಾರರ ದಂಧೆ, ಹೊಸಬರಿಗೆ ಸರಿ ಯಾವುದು ತಪ್ಪು ಯಾವುದು ಗೊತ್ತಾಗಲ್ಲ ಅನ್ನೋ ಧೈರ್ಯ ಅವರಿಗೆ.

ವಾಪಸ್ ತಗೋ ಅಂದ್ರೆ "ಹಾಬಿ ಐಟಂ ನೋ ರಿಟರ್ನ್ ಬ್ರೋ", ಆಮೇಲೆ ಬ್ಲಾಕ್. ನ್ಯಾಷನಲ್ ಕನ್ಸ್ಯೂಮರ್ ಹೆಲ್ಪ್‌ಲೈನ್ 1915ಕ್ಕೆ ಹಾಕಿದೀವಿ. ಆನ್‌ಲೈನ್ ಮಾರೋನು ಮಾಲು ಯಾವ ದೇಶದ್ದು ಅಂತ ಹಾಕ್ಬೇಕು, ದೂರು ಕೇಳೋಕೆ ಒಬ್ಬ ಅಧಿಕಾರಿ ಹೆಸರು ಕೊಡ್ಬೇಕು ಅಂತ 2020ರ ಇ-ಕಾಮರ್ಸ್ ನಿಯಮವೇ ಹೇಳತ್ತೆ, ಇವನ ಪೇಜಲ್ಲಿ ಎರಡೂ ಇಲ್ಲ, ಬರೀ ವಾಟ್ಸಾಪ್ ನಂಬರು. ಹೆಲ್ಪ್‌ಲೈನಲ್ಲಿ ಆಗದಿದ್ರೆ ಜಿಲ್ಲಾ ಗ್ರಾಹಕರ ಆಯೋಗ ಕಾರವಾರದಲ್ಲಿದೆ, ಮಾರಿದವನ ಊರಿಗೆ ಹೋಗೋದು ಬೇಡ, ನಾವಿರೋ ಜಿಲ್ಲೆಯಲ್ಲೇ ದೂರು ಕೊಡಬಹುದು, ಐದು ಲಕ್ಷದೊಳಗಿಂದಕ್ಕೆ ಫೀ ಇಲ್ಲ. ದೇವಿಮನೆ ಘಟ್ಟ ಇಳೀಬೇಕಂತ ಹೆದರಬೇಡಿ, ಆನ್‌ಲೈನಲ್ಲೂ ಹಾಕಬಹುದು. ಚಾಟ್ ಸ್ಕ್ರೀನ್‌ಶಾಟು, ಯುಪಿಐ ರೆಫರೆನ್ಸು, ಡ್ಯೂಟಿ ಕಟ್ಟಿದ ರಸೀದಿ ಮಾತ್ರ ಜೋಪಾನ. ಪಾರ್ಸೆಲ್ ಬಿಚ್ಚೋವಾಗ ವಿಡಿಯೋ ಮಾಡ್ಕೊಳ್ಳಿ, ಮಂಡಿಯವನು ಅಭ್ಯಾಸಬಲದಿಂದ ಮಾಡಿದ್ದ, ಅದೇ ಈಗ ಕೆಲಸಕ್ಕೆ ಬರ್ತಿರೋದು.

ಹಾಗಾದ್ರೆ ಕಮ್ಮಿ ಖರ್ಚಲ್ಲಿ ಗೆಳೆಯರಿಗೆ ಹೇಗೆ ತೋರ್ಸೋದು ಅಂದ್ರೆ, ಮೊದಲ ಕೆಲವು ಆಟಕ್ಕೆ ಒಂದು ಗೊಂಬೆನೂ ಬೇಡ. ಒನ್ ಪೇಜ್ ರೂಲ್ಸ್ ಅನ್ನೋ ಆಟದ ಕಂಪನಿಯವರ ಬೇಸಿಕ್ ರೂಲ್ಸ್ ಪಿಡಿಎಫ್ ಫ್ರೀ, ಅವರದ್ದೇ ಸ್ಕರ್ಮಿಶ್ ಆಟಗಳಿವೆ, ಯಾವ ಕಂಪನಿ ಗೊಂಬೆ ಆದ್ರೂ ನಡೆಯತ್ತೆ, ಲೂಡೋ ದಾಳ ಸಾಕು. ನಡೆದ್ರೆ 6 ಇಂಚು, ಓಡಿದ್ರೆ ಅಥವಾ ಮೇಲೆ ಬಿದ್ರೆ 12 ಇಂಚು, ನಿನ್ನದೊಂದು ನನ್ನದೊಂದು ಅಂತ ಸರದಿ, ಇಷ್ಟು ಹೇಳಿದ್ರೆ ಯಾರಿಗಾದ್ರೂ ತಿಳಿಯತ್ತೆ. ನೆಟ್ಟಲ್ಲಿ ಸಿಗೋ ಪೇಪರ್ ಗೊಂಬೆ ಕಲರ್ ಪ್ರಿಂಟ್ ತೆಗೆಸಿ ಹಳೇ ಲಗ್ನಪತ್ರಿಕೆ ರಟ್ಟಿಗೆ ಅಂಟಿಸಿ, ಕೆಳಗೆ ಕೇರಂ ಕಾಯಿನ್, ಅಗಲ ಸುಮಾರು 3 ಸೆಂಟಿಮೀಟರ್ ಇರೋದ್ರಿಂದ ಬೇಸ್ ಆಗಿ ಸರಿ ಹೋಗತ್ತೆ. ಅಂಟಿಸೋಕೆ ಗಮ್ ಟೇಪ್ ಹಾಕಿ, ಫೆವಿಕ್ವಿಕ್ ಹಾಕಿದ್ರೆ ಕೇರಂ ಆಟ ಅಲ್ಲಿಗೆ ಮುಗೀತು. ಟೈಲರ್ ಟೇಪಲ್ಲಿ ಇಂಚು ಇರತ್ತೆ. ಗೋಡೆಗೆ ಚಿರೆಕಲ್ಲಿನ ತುಂಡು, ಬೆಂಕಿಪೊಟ್ಟಣ, ಗರಟೆ. ಗೋಡೆ ಮಾತ್ರ ಧಾರಾಳವಾಗಿ ಇಡಿ, ಟೇಬಲ್ ಬಯಲಾಗಿದ್ರೆ ಬಂದೂಕು ಇರೋನು ಕೂತಲ್ಲೇ ಗೆಲ್ತಾನೆ, ಹೊಸಬನಿಗೆ ಬೇಜಾರಾಗತ್ತೆ. ಕೈಗಾದವನು ಈ ಪೇಪರ್ ಗೊಂಬೆ ಆಟಕ್ಕೆ ವಾಪಸ್ ಬಂದಿದಾನೆ, ನನ್ನ ಸೋಲ್ಸಿ ಫೋಟೋನೂ ಸ್ಟೇಟಸಿಗೆ ಹಾಕಿದಾನೆ.

ಎಲ್ರಿಗೂ ಹಿಡಿಸಿದ ಮೇಲೆ ಗೊಂಬೆ ತಗೊಳ್ಳೋದಿದ್ರೆ ದೇಶದೊಳಗೇ ಬಿಲ್ ಕೊಡೋರ ಹತ್ರ ಒಂದೇ ಪ್ಯಾಕೆಟ್ ತಗೊಳ್ಳಿ. ಪ್ರಿಂಟ್ ಮಾಡಿ ಮಾರೋರಾದ್ರೆ ಡಿಸೈನ್ ಮಾಡಿದವರ ಕಮರ್ಷಿಯಲ್ ಲೈಸೆನ್ಸ್ ಇದ್ಯಾ, ತೊಳೆದು ಕ್ಯೂರ್ ಮಾಡಿ ಕಳಿಸ್ತೀರಾ ಅಂತ ನೇರವಾಗಿ ಕೇಳಿ, ಸರಿಯಾದವರು ಸಿಟ್ಟಾಗಲ್ಲ. ನಮಗೆ ಮೋಸ ಮಾಡಿದವನ ಅದೇ ಫೋಟೋಗಳು, ಹಸಿರು ಕಂಬಳಿ ಹೊದ್ದ ಬಿಲ್ಲುಗಾರ ಎಡಗಡೆ, ಹಿಂದೆ ಮರದ ಟೇಬಲ್ಲು, ಈಗ ಬೇರೆ ಹೆಸರಿನ ಪೇಜಲ್ಲಿ ಓಡಾಡ್ತಿವೆ. ಅದು ಕಂಡ್ರೆ, ಗೊಂಬೆ ಪಕ್ಕ ಇವತ್ತಿನ ಪೇಪರ್ ಇಟ್ಟು ವಿಡಿಯೋ ಕಳಿಸು ಅಂತ ಕೇಳಿ. ಇನ್ನೊಬ್ಬ ಹುಡುಗ ಹಾಗೆ ಕೇಳಿದ್ದಕ್ಕೆ ಅವನನ್ನೂ ಬ್ಲಾಕ್ ಮಾಡಿದಾನಂತೆ, ಆ ಹುಡುಗನ ದುಡ್ಡು ಉಳೀತು.